ಮುಂಗಡ ವಾಪಸ್ ಬೇಡ

ಮನೆ ಕೊಳ್ಳಲು ಹೊರಟವರು ವಕೀಲರನ್ನು ಕೇಳುವ ಪ್ರಶ್ನೆಗಳು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಯಾವ ಯಾವ ಪತ್ರ ನೋಡಬೇಕು, ಖಾತೆ ಒಂದಿದ್ದರೆ ಸಾಲದೇ, ಕರಾರಿಗೂ ಕ್ರಯಪತ್ರಕ್ಕೂ ಏನು ವ್ಯತ್ಯಾಸ, ಮಾರುವವನ ಹೆಣ್ಣುಮಕ್ಕಳೂ ಸಹಿ ಹಾಕಲೇಬೇಕೇ. ನಾನು ಚಿಂತಾಮಣಿಯಲ್ಲಿ ವಕೀಲಿಕೆಗೆ ಕೂತ ಹೊಸದರಲ್ಲಿ ಇಂಥ ಪ್ರಶ್ನೆಗಳಿಗೆ ಬರವಿರಲಿಲ್ಲ. ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಕೆಲಸ ಶುರುವಾಗಿ, ಅದರ ಬಿಸಿ ನಮ್ಮ ಕಡೆಯ ನೆಲಕ್ಕೂ ತಗುಲಿತ್ತು. ಕಡಲೆಕಾಯಿ ಮಾರುತ್ತಿದ್ದವರು ಸೈಟು ಮಾರತೊಡಗಿದ್ದರು.

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರ್ ಕೇಳಿದ ಪ್ರಶ್ನೆ ಮಾತ್ರ ಬೇರೆ.

"ಮಾರಲ್ಲ ಅಂತ ತಿರುಗಿಬಿದ್ದೋನ ಕೈಲಿ ಮಾರಿಸ್ಬೋದಾ, ಲಾಯರಮ್ಮ?"

ಮಾರಿಸಬಹುದು ಎಂದೆ. ಮಾರಿಸಿದೆವು ಕೂಡ. ಅದಕ್ಕೆ ವರ್ಷಗಳೇ ಹಿಡಿದವು. ಅಷ್ಟೂ ಕಾಲ ನನ್ನ ಸಿಟ್ಟು ಒಂದು ದಿನವೂ ಇಳಿಯಲಿಲ್ಲ. ಇಳಿದಿದ್ದರೆ ಆ ಕೆಲಸ ಮುಗಿಯುತ್ತಿರಲಿಲ್ಲವೆಂದೇ ಇಂದಿಗೂ ನಂಬಿದ್ದೇನೆ.

ಸಿಸ್ಟರ್ ಮೊದಲು ನನ್ನ ಬಳಿ ಬಂದದ್ದು ಜಗಳ ಹೊತ್ತು ಅಲ್ಲ, ಪತ್ರ ತೋರಿಸಲು. ಮದುವೆಯಾಗದ ಹೆಂಗಸು, ನಿವೃತ್ತಿ ಹತ್ತಿರ ಬಂದಿತ್ತು. ಆಸ್ಪತ್ರೆಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಸ್ವಂತದ್ದೊಂದು ಸೂರು ಬೇಕಿತ್ತು. ಮಂಡಿ ಬೀದಿಯ ಹಿಂದಿನ ರಸ್ತೆಯಲ್ಲಿ ಎರಡು ಕೋಣೆ, ಅಡುಗೆಮನೆ, ಮುಂದೊಂದು ಜಗಲಿ ಇರುವ ಮನೆ. ಮಾರುವವನು ಕಡಲೆಕಾಯಿ ಮಂಡಿಯ ಯಜಮಾನ. ಅವನು ವಾಸವಿದ್ದದ್ದು ಅದರ ಎದುರಿನ ದೊಡ್ಡ ಮನೆಯಲ್ಲಿ. ಕೋರ್ಟಿನ ಕಾಗದಗಳಲ್ಲೆಲ್ಲ ಅವನನ್ನು ನಾನು "ಅವರು" ಎಂದೇ ಬರೆದಿದ್ದೇನೆ. ಇಲ್ಲಿ ಆ ಕಟ್ಟುಪಾಡಿಲ್ಲ.

ಪತ್ರಗಳು ಚೊಕ್ಕಟವಾಗಿದ್ದವು. ನಿವೇಶನ ಅವನಿಗೆ ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಬಂದಿತ್ತು, ಮೇಲಿನ ಕಟ್ಟಡ ಅವನೇ ಕಟ್ಟಿಸಿದ್ದು. ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ ನೋಡಿದೆ. ಯಾವ ಬ್ಯಾಂಕಿಗೂ ಒತ್ತೆಯಿರಲಿಲ್ಲ. ಕಂದಾಯ ಕಟ್ಟಿದ ರಸೀದಿ, ಪುರಸಭೆಯ ಖಾತೆ, ಎಲ್ಲ ಅವನ ಹೆಸರಿಗೇ ಇದ್ದವು. ಆದರೂ ಸ್ವತ್ತು ಪಾಲಿನಿಂದ ಬಂದದ್ದು ಎಂದ ಮೇಲೆ ಮಕ್ಕಳ ಸಹಿ ಇದ್ದರೆ ಕೊಳ್ಳುವವರಿಗೆ ಕ್ಷೇಮ. ಮದುವೆಯಾದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮ ಪಾಲು ಎನ್ನುವ ತಿದ್ದುಪಡಿ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಮಗ, ಮಗಳು ಇಬ್ಬರೂ ಸಹಿ ಹಾಕಲಿ ಎಂದೆ.

ಯಜಮಾನ ನಕ್ಕ. "ಮಗ ಹಾಕ್ತಾನೆ. ಮಗಳ್ದು ಯಾತಕ್ಕಮ್ಮ? ಗೌರಿಬಿದನೂರಿಗೆ ಕೊಟ್ಟಾಯ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು."

ವಾದಕ್ಕೆ ಹೋಗದೆ, ಕ್ರಯಪತ್ರದ ಹೊತ್ತಿಗೆ ವಾರಸುದಾರರೆಲ್ಲರ ಸಹಿ ಕೊಡಿಸುವುದು ಮಾರುವವನ ಜವಾಬ್ದಾರಿ ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದೆ. ಓದದೆಯೇ ಸಹಿ ಹಾಕಿದ, ಮಗನ ಕೈಲೂ ಹಾಕಿಸಿದ. ಕರಾರನ್ನೂ ನೋಂದಣಿ ಮಾಡಿಸೋಣವೆಂದರೆ ಮಾತ್ರ "ನನ್ ಮಾತಿನ್ ಮೇಲೆ ನಂಬ್ಕೆ ಇಲ್ವಾ" ಎಂದು ಮುಖ ಗಂಟಿಕ್ಕಿದ. ಸಿಸ್ಟರ್ ಮುಂಗಡ ಕೊಟ್ಟರು. ಉಳಿದದ್ದಕ್ಕೆ ಬ್ಯಾಂಕಿನ ಸಾಲ ಕೇಳಿದರು. ಅದಕ್ಕೆಂದು ಕರಾರಿನಲ್ಲಿ ಅವಧಿ ಇಟ್ಟಿದ್ದೆವು.

ಆ ಅವಧಿಯ ನಡುವೆ ಒಂದು ಭಾನುವಾರ ಸಿಸ್ಟರ್ ಅಡುಗೆಮನೆಯ ಅಳತೆ ತೆಗೆದುಕೊಳ್ಳಲು ಹೋದರು. ಯಜಮಾನ ಎದುರು ಜಗಲಿಯಲ್ಲಿ ಕೂತಿದ್ದ. ನಮ್ಮ ಕಡೆ ವ್ಯಾಪಾರಸ್ಥರು ಸಲಿಗೆ ಬಂದರೆ ತೆಲುಗಿಗೆ ಜಾರುತ್ತಾರೆ. ಅವನೂ ಜಾರಿದ.

"ಮೀದಿ ಏ ಊರಮ್ಮಾ?" ನಿಮ್ಮದು ಯಾವೂರು.

"ಪೆರೇಸಂದ್ರ ದಗ್ಗರ." ಪೆರೇಸಂದ್ರದ ಹತ್ತಿರ.

"ಊರ್ಲೋನಾ, ಬಯಟಾ?"

ಊರೊಳಗೋ, ಹೊರಗೋ. ಈ ಪ್ರಶ್ನೆಯ ಅರ್ಥ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿಸ್ಟರ್ ಅಳತೆ ಟೇಪನ್ನು ಸುತ್ತುತ್ತಾ, "ಬಯಟೇ" ಎಂದರು. ಹೊರಗೇ.

ಮಾರನೆಯ ದಿನ ಮನೆ ತೋರಿಸಿದ್ದ ದಲ್ಲಾಳಿ ಆಸ್ಪತ್ರೆಗೆ ಬಂದು, ಯಜಮಾನರ ಮನೆಯಲ್ಲಿ ಏನೋ ತೊಂದರೆಯಂತೆ, ಮಾರುವ ಯೋಚನೆ ಬಿಟ್ಟಿದ್ದಾರೆ, ಮುಂಗಡದ ಮೇಲೆ ಇನ್ನಷ್ಟು ಸೇರಿಸಿಯೇ ಕೊಡುತ್ತಾರೆ, ಕರಾರು ಪತ್ರ ವಾಪಸ್ ಕೊಡಬೇಕಂತೆ ಎಂದ.

ಆಗಲೇ ಸಿಸ್ಟರ್ ನನ್ನ ಕಚೇರಿಗೆ ಬಂದು ಇದನ್ನೆಲ್ಲ ಹೇಳಿ ಆ ಪ್ರಶ್ನೆ ಕೇಳಿದ್ದು. ನಾವೂ ಅದೇ ಜನ. ನಮ್ಮ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡವರು, ನಮ್ಮ ಮನೆಯ ನಡುಕೋಣೆಯಲ್ಲಿರುವುದು ಬುದ್ಧನ ಪಟ. ಈ ಊರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆದಿದ್ದೆ. ವಕೀಲೆ ಎಂದಾಗ ಅರಳುತ್ತಿದ್ದ ಮುಖಗಳು ಯಾವ ಜನ ಎನ್ನುವ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಕೇಳಿ ಮುದುಡುತ್ತಿದ್ದವು. ಕೊನೆಗೆ ಮಹಡಿಯ ಮೇಲೆ ಕೋಣೆ ಕೊಟ್ಟದ್ದು ಅಲೀಪುರದಿಂದ ಬಂದು ಹರಳುಕಲ್ಲಿನ ವ್ಯಾಪಾರ ಮಾಡುತ್ತಿದ್ದ ಒಂದು ಮುಸ್ಲಿಂ ಕುಟುಂಬ. ಅವರು ನನ್ನ ಊರು ಕೇಳಿದ್ದು ಕರಾರಿನಲ್ಲಿ ವಿಳಾಸ ಬರೆಯಲು ಮಾತ್ರ.

"ಪೊಲೀಸ್ ಕಂಪ್ಲೇಂಟ್ ಕೊಡಣ ಸಿಸ್ಟರ್" ಎಂದೆ. "ಜಾತಿ ನೋಡಿ ತಿರುಗಿಬಿದ್ದಿದ್ದಾನೆ. ಬಿಡಬಾರ್ದು."

"ಸಾಕ್ಷಿ ಯಾರು?"

ಬೀದಿಯಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಅವನು ಕೇಳಿದ್ದು ಊರಿನ ಹೆಸರನ್ನು, ಬೈದಿರಲಿಲ್ಲ.

"ಒಳಗೆ ಹಾಕ್ಸಿದ್ರೂ ಎರಡು ದಿನಕ್ಕೆ ಹೊರಗ್ ಬರ್ತಾನೆ. ಅವ್ನ ಕಡೇರು ಹಾರ ಹಾಕಿ ಕರ್ಕೊಂಡ್ ಬರ್ತಾರೆ" ಎಂದರು ಸಿಸ್ಟರ್. ಅವರ ದನಿ ಏರಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಅರಚುವವರ ನಡುವೆ ನಿಂತು ಅಭ್ಯಾಸವಾದ ದನಿ ಅದು. "ನಂಗೆ ಆ ಮನೆ ಬೇಕು. ಅವ್ನ ಎದುರುಗಡೇನೇ ಬೇಕು. ದಿನಾ ಬೆಳಗ್ಗೆ ಎದ್ದು ಬಾಗ್ಲು ತೆಗುದ್ರೆ ನನ್ ಮುಖ ಕಾಣ್ಬೇಕು."

ನನಗೂ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಕರಾರು ಮುರಿದವನ ಮೇಲೆ ಎರಡು ಬಗೆಯ ಪರಿಹಾರ ಕೇಳಬಹುದು. ಒಂದು, ಕರಾರಿನಂತೆಯೇ ನಡೆದುಕೊಳ್ಳುವಂತೆ ಅವನಿಗೆ ಆದೇಶ. ಇನ್ನೊಂದು, ಕೊಟ್ಟ ಹಣ ಬಡ್ಡಿ ಸಮೇತ ವಾಪಸ್. ಮೊದಲನೆಯದು ಸಿಗಬೇಕಾದರೆ ಕೊಳ್ಳುವವರು ತಾವು ಎಲ್ಲ ಹಂತದಲ್ಲೂ ಕೊಳ್ಳಲು ಸಿದ್ಧರಿದ್ದೆವು, ಕೊಳ್ಳುವ ಶಕ್ತಿಯೂ ಇತ್ತು ಎಂದು ತೋರಿಸಬೇಕು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಹೀಗಾಗಿ ಮೊದಲು ನೋಟಿಸು ಕೊಟ್ಟೆ. ಇಂಥ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಕ್ರಯಪತ್ರ ಬರೆದುಕೊಡಿ, ನನ್ನ ಕಕ್ಷಿದಾರರು ಬಾಕಿ ಹಣದೊಂದಿಗೆ ಅಲ್ಲಿರುತ್ತಾರೆ ಎಂದು.

ಆ ದಿನ ಬೆಳಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಾವಿಬ್ಬರೂ ಹೋಗಿ ಕೂತೆವು. ಬ್ಯಾಂಕಿನಿಂದ ಯಜಮಾನನ ಹೆಸರಿಗೆ ಬರೆಸಿದ ಡಿ.ಡಿ., ಸಿದ್ಧಪಡಿಸಿದ ಕ್ರಯಪತ್ರ, ಫೋಟೋ, ಎಲ್ಲ ಸಿಸ್ಟರ್ ಬ್ಯಾಗಿನಲ್ಲಿದ್ದವು. ಮಧ್ಯಾಹ್ನ ಅಲ್ಲೇ ಹೊರಗೆ ನಿಂತು ಚಿತ್ರಾನ್ನ ತಿಂದೆವು. ಅವನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ, ನಾವು ಹಾಜರಿದ್ದೆವು, ಮಾರುವವರು ಬರಲಿಲ್ಲ ಎಂದು ಅರ್ಜಿ ಬರೆದು, ಒಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡೆ. ಗುಮಾಸ್ತ, "ಬರದೇ ಇರೋರಿಗೆ ಯಾತಕ್ಕಮ್ಮ ಇಷ್ಟೊತ್ತು ಕಾದ್ರಿ" ಎಂದ. ಸಿಸ್ಟರ್, "ಕಾದಿದ್ದು ಅವ್ರಿಗಲ್ಲಪ್ಪ, ಈ ಸೀಲಿಗೆ" ಎಂದರು.

ದಾವಾ ಹಾಕಿದ ದಿನವೇ ಮೊದಲ ಪೆಟ್ಟು ಬಿತ್ತು. ಅವನು ಬೇರೆ ಯಾರಿಗೂ ಮಾರದಂತೆ ಅಂದೇ ತಡೆಯಾಜ್ಞೆ ತರಬೇಕೆಂದಿದ್ದೆ. ಆದರೆ ಅವನ ವಕೀಲರು ಊರಿನ ಹಿರಿಯರು, ನಮ್ಮ ನೋಟಿಸು ತಲುಪಿದ ಕೂಡಲೇ ಕೇವಿಯಟ್ ಹಾಕಿ ಕೂತಿದ್ದರು. ಕೇವಿಯಟ್ ಇದ್ದರೆ ಎದುರು ಪಕ್ಷದ ಮಾತು ಕೇಳದೆ ಕೋರ್ಟು ಆದೇಶ ಕೊಡುವುದಿಲ್ಲ. ಪ್ರತಿ ಕೊಡಿ, ಆಕ್ಷೇಪಣೆ ಬರಲಿ, ಮುಂದಿನ ತಾರೀಖು ಎಂದಾಯಿತು.

ಆ ತಾರೀಖು ಬರುವಷ್ಟರಲ್ಲಿ ಅವನು ಮನೆಯ ಬಾಗಿಲು ಕಿಟಕಿಗಳನ್ನು ಚೌಕಟ್ಟಿನ ಸಮೇತ ಕಿತ್ತುಹಾಕಿಸಿದ. ಸಿಸ್ಟರ್ ಅಳತೆ ತೆಗೆದುಕೊಂಡಿದ್ದ ಅಡುಗೆಮನೆಯ ಕಟ್ಟೆಯನ್ನೂ ಒಡೆಸಿದ. ನಾನು ಹೋಗಿ ನೋಡಿದಾಗ ಗೋಡೆಗಳಲ್ಲಿ ತೂತುಗಳಷ್ಟೇ ಇದ್ದವು. ಅವನು ಎದುರು ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ರಿಪೇರಿ ಕಣಮ್ಮ" ಎಂದ. "ನನ್ ಮನೆ, ನಾನು ರಿಪೇರಿ ಮಾಡಿಸ್ಬಾರ್ದಾ?"

"ಮಾಡಿಸಿ ಯಜಮಾನ್ರೇ" ಎಂದೆ. "ಎಷ್ಟು ಒಡೀತೀರೋ ಒಡೀರಿ."

ಮನೆಗೆ ಹೋಗದೆ ನೇರ ಕಚೇರಿಗೆ ಬಂದು, ಸ್ಥಳ ಪರಿಶೀಲನೆಗೆ ಕೋರ್ಟು ಕಮಿಷನರನ್ನು ನೇಮಿಸಬೇಕೆಂದು ಅರ್ಜಿ ಟೈಪು ಮಾಡಿದೆ. ಕಮಿಷನರಾಗಿ ನೇಮಕವಾದ ವಕೀಲರು ಹೋಗಿ ಫೋಟೋ ತೆಗೆಸಿ ವರದಿ ಕೊಟ್ಟರು. ಕಿತ್ತ ಬಾಗಿಲುಗಳು ಯಜಮಾನನ ಗೋಡೌನಿನಲ್ಲಿ ಮೂಟೆಗಳ ಹಿಂದೆ ಒರಗಿಸಿಟ್ಟಿದ್ದವೆಂದು ಅದರಲ್ಲಿತ್ತು. ಆ ವರದಿ ಓದಿದ ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು ಹಿರಿಯ ವಕೀಲರನ್ನು ಒಮ್ಮೆ ನೋಡಿದರು. ಅಂದೇ ತಡೆಯಾಜ್ಞೆ ಸಿಕ್ಕಿತು. ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಇಟ್ಟಿಗೆ ಅಲ್ಲಾಡಿಸುವಂತಿಲ್ಲ. ಅವನು ನಮಗೆ ಮಾಡಿದ ಮೊದಲ ಉಪಕಾರ ಅದು.

ಆಮೇಲೆ ಅವನ ಉತ್ತರ ಬಂತು. ಪುಟಗಟ್ಟಲೆ ಇದ್ದ ಅದರಲ್ಲಿ ಎರಡು ವಾದ ಮುಖ್ಯ. ಬೆಲೆ ಏರಿರುವುದರಿಂದ ಹಳೆಯ ಬೆಲೆಗೆ ಕೊಟ್ಟರೆ ತನಗೆ ಅನ್ಯಾಯ ಎನ್ನುವುದು ಒಂದು. ತನ್ನ ಹೆಸರಿನಲ್ಲಿರುವ ಸ್ವತ್ತುಗಳೆಲ್ಲ ಅವಿಭಕ್ತ ಕುಟುಂಬದವು, ಅವುಗಳಲ್ಲಿ ಮಗನಷ್ಟೇ ಮಗಳಿಗೂ ಪಾಲಿದೆ, ಮಗಳು ಒಪ್ಪಿಲ್ಲದ ಕಾರಣ ಕರಾರು ಸಿಂಧುವಲ್ಲ ಎನ್ನುವುದು ಇನ್ನೊಂದು. ಕುಲಕ್ಕೆ ಹೊರಗಾಗಿದ್ದ ಮಗಳು ಈಗ ಅಡ್ಡ ಹಿಡಿಯುವ ಗುರಾಣಿಯಾಗಿದ್ದಳು. ಆ ಪುಟದ ಮೂಲೆ ಮಡಿಸಿಟ್ಟೆ.

ಸಾಕ್ಷಿ ನುಡಿಯಲು ಸಿಸ್ಟರ್ ಕಟಕಟೆ ಹತ್ತಿದರು. ಹಿರಿಯ ವಕೀಲರ ಪಾಟೀಸವಾಲು ಊಟದ ವಿರಾಮದವರೆಗೂ ನಡೆಯಿತು. ಹಣ ಎಲ್ಲಿತ್ತು, ಬ್ಯಾಂಕು ಯಾವಾಗ ಒಪ್ಪಿತು, ಇನ್ನೇನು ನಿವೃತ್ತಿಯಾಗುವವರಿಗೆ ಸಾಲ ಕೊಟ್ಟದ್ದಾದರೂ ಹೇಗೆ. ಎಲ್ಲಕ್ಕೂ ಸಿಸ್ಟರ್ ಇಂಜೆಕ್ಷನ್ ಕೊಟ್ಟಷ್ಟು ಚುಟುಕಾಗಿ ಉತ್ತರಿಸಿದರು. ಕೊನೆಗೆ ವಕೀಲರು ನಯವಾದ ದನಿಯಲ್ಲಿ ಕೇಳಿದರು.

"ನಿಮ್ಮ ದಾವಾದಲ್ಲೇ ಬರೆದಿದ್ದೀರಲ್ಲಮ್ಮ, ಕ್ರಯಪತ್ರ ಕೊಡಿಸೋಕೆ ಆಗದಿದ್ರೆ ಮುಂಗಡ ಬಡ್ಡಿ ಸಮೇತ ಕೊಡಿಸಿ ಅಂತ. ಅಂದ್ರೆ ಹಣ ಬಂದ್ರೂ ನಿಮಗೆ ಸಾಕು, ಅಲ್ವಾ?"

ಅಂಥ ಪರ್ಯಾಯ ಬೇಡಿಕೆ ಎಲ್ಲ ವಕೀಲರೂ ಬರೆಯುವಂಥದ್ದೇ. ಮನೆ ಕೈತಪ್ಪಿದರೆ ಹಣವಾದರೂ ಉಳಿಯಲಿ ಎನ್ನುವ ಲೆಕ್ಕ. ಸಿಸ್ಟರ್ ನನ್ನ ಕಡೆ ನೋಡಿ, ಮತ್ತೆ ಅವರ ಕಡೆ ತಿರುಗಿ, "ಸಾಲದು" ಎಂದರು. ಹಿರಿಯರು ಮುಗುಳ್ನಕ್ಕು ಕೂತರು. ಆ ನಗುವಿನ ಅರ್ಥ ನನಗೆ ಗೊತ್ತಿತ್ತು. ಇಂಥ ದಾವೆಗಳಲ್ಲಿ ಮನೆ ಕೊಡಿಸುವುದೋ ಬಿಡುವುದೋ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಬೆಲೆ ಬಹಳ ಏರಿದ ಕಡೆ, ಹಣ ವಾಪಸ್ ಕೊಡಿಸಿ ಇಬ್ಬರನ್ನೂ ಸಮಾಧಾನ ಮಾಡಿ ಕಳಿಸುವುದು ಸುಲಭದ ದಾರಿ. ಆ ದಾರಿಯನ್ನು ನಾವೇ ತೋರಿಸಿಕೊಟ್ಟಿದ್ದೆವು.

ಕೋರ್ಟು ಮುಗಿದ ಮೇಲೆ ಕಚೇರಿಯಲ್ಲಿ ಸಿಸ್ಟರಿಗೆ ಇದನ್ನು ವಿವರಿಸಿದೆ.

"ಆ ಬೇಡಿಕೇನ ತೆಗುದ್ರೆ ಏನಾಗುತ್ತೆ?"

"ಜಡ್ಜ್ ಮುಂದೆ ಎರಡೇ ದಾರಿ ಉಳಿಯುತ್ತೆ. ಮನೆ ಕೊಡಿಸ್ಬೇಕು, ಇಲ್ಲಾ ದಾವಾ ವಜಾ ಮಾಡ್ಬೇಕು. ವಜಾ ಆದ್ರೆ ಮನೇನೂ ಇಲ್ಲ, ನೀವು ಕೊಟ್ಟಿದ್ದೂ ಹೋಯ್ತು. ಕೇಳದೇ ಇರೋದನ್ನ ಕೋರ್ಟು ಕೊಡಲ್ಲ."

"ತೆಗೀರಿ."

"ಸಿಸ್ಟರ್, ಅದು ನಿಮ್ ಜೀವಮಾನದ ಸಂಪಾದನೆ."

"ಅವ್ನು ನನ್ನ ಏನಂತ ತಿಳ್ಕೊಂಡವ್ನೆ? ನಾಲ್ಕು ಕಾಸು ಜಾಸ್ತಿ ಎಸೆದ್ರೆ ಎತ್ಕೊಂಡು ಹೋಗೋಳು ಅಂತ. ಆ ಸಾಲು ಅಲ್ಲಿರೋ ತನಕ ಅವ್ನು ಹೇಳಿದ್ದೇ ಸರಿ ಅಂತ ಆಗುತ್ತೆ. ತೆಗೀರಿ ಅದನ್ನ. ಮುಂಗಡ ವಾಪಸ್ ಬೇಡ ಅಂತ ಬರ್ದು ಕೊಡಿ, ಸೈನ್ ಹಾಕ್ತೀನಿ."

ಕೂಡಲೇ ಬರೆಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ನಾನು ಕೆಲಸ ಕಲಿತ ಹಿರಿಯರಲ್ಲಿಗೆ ಬಸ್ಸು ಹತ್ತಿ ಹೋದೆ. ಅವರು ಕೇಳಿ, "ಹುಚ್ಚಾ ನಿಂಗೆ? ಕಕ್ಷಿದಾರರಿಗೆ ಸಿಟ್ಟಿರುತ್ತೆ. ವಕೀಲರಿಗೆ ಇರಬಾರ್ದು ಕಣಮ್ಮ" ಎಂದರು. ವಾಪಸ್ ಬರುವಾಗ ಕಿಟಕಿಯಾಚೆ ನೋಡುತ್ತಾ ಅವರ ಮಾತನ್ನು ತೂಗಿ ನೋಡಿದೆ. ಅನುಭವಸ್ಥರ ಮಾತು. ಆದರೆ ಬಾಡಿಗೆ ಮನೆಗೆ ಅಲೆಯುವಾಗ ಯಾವ ಬಾಗಿಲಲ್ಲೂ ಅವರನ್ನು ಯಾರೂ ಎರಡನೆಯ ಪ್ರಶ್ನೆ ಕೇಳಿರಲಾರರು. ಮರುದಿನ ಸಿಸ್ಟರ್ ಡ್ಯೂಟಿ ಮುಗಿಸಿ ಬಂದರು. ಮನಸ್ಸು ಬದಲಾಗಿದೆಯೇ ಎಂದು ಕೇಳಿದೆ. ಅವರು ಪೆನ್ನು ಕೇಳಿದರು.

ಪರ್ಯಾಯ ಬೇಡಿಕೆಯನ್ನು ಕೈಬಿಟ್ಟಿದ್ದೇವೆಂದು ಕೋರ್ಟಿಗೆ ಕೊಟ್ಟಾಗ ಹಿರಿಯ ವಕೀಲರ ನಗು ಇನ್ನಷ್ಟು ಅಗಲವಾಯಿತು. ನ್ಯಾಯಾಧೀಶರು ಸಿಸ್ಟರನ್ನು ಮುಂದೆ ಕರೆದು, ಇದರ ಪರಿಣಾಮ ತಿಳಿದಿದೆಯೇ ಎಂದು ಕೇಳಿ ಬರೆದುಕೊಂಡರು.

ಗೆದ್ದೆನೆಂದು ಭಾವಿಸಿದ ಯಜಮಾನ ಇನ್ನೂ ಒಂದು ಹೆಜ್ಜೆ ಇಟ್ಟ. ಮಗಳನ್ನೂ ದಾವಾದಲ್ಲಿ ಸೇರಿಸಬೇಕೆಂದು ಅರ್ಜಿ ಹಾಕಿಸಿದ. ಅವಳು ಬಂದು ನನ್ನ ಒಪ್ಪಿಗೆಯಿಲ್ಲ ಎಂದರೆ ಕಥೆ ಮುಗಿಯಿತು. ಮೊದಲ ತಾರೀಖಿಗೆ ತನ್ನ ಕಾರಿನಲ್ಲೇ ಕರೆತಂದು ವಕಾಲತ್ತಿಗೆ ಸಹಿ ಹಾಕಿಸಿದ. ತೆಳ್ಳಗಿನ, ಮಾತಿಲ್ಲದ ಹೆಂಗಸು. ಅಪ್ಪನ ಹಿಂದೆ ಬಂದು ಅಪ್ಪನ ಹಿಂದೆ ಹೋದಳು.

ಮುಂದಿನ ತಾರೀಖಿಗೆ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕೋರ್ಟಿನ ಪಡಸಾಲೆಯಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ನೀವು ನನ್ ಹತ್ರ ಮಾತಾಡ್ಬಾರ್ದಮ್ಮ" ಎಂದೆ. "ನಾನು ಎದುರು ಪಕ್ಷದ ವಕೀಲೆ. ನಿಮಗೆ ಸಲಹೆ ಬೇಕಿದ್ರೆ ಬೇರೆಯೋರನ್ನ ನೋಡಿ."

"ನೋಡಿದೀನಿ. ವಕೀಲರನ್ನ ಬದಲಾಯಿಸಿದೀನಿ. ಸಲಹೆ ಬೇಡ, ಒಂದು ಮಾತು ಹೇಳೋಕ್ ಬಂದೆ. ನಮ್ಮನೆಯೋರ ಮಗ್ಗ ನಿಂತೋದಾಗ ಅಪ್ಪನ ಹತ್ರ ಬಂದು ದುಡ್ಡು ಕೇಳಿದ್ದೆ. ಕೊಟ್ಟ ಹೆಣ್ಣಿಗೆ ಈ ಮನೇಲಿ ಏನೂ ಇಲ್ಲ ಅಂದು ಬಾಗ್ಲಲ್ಲೇ ನಿಲ್ಸಿ ಕಳಿಸಿದ್ರು. ಆಮೇಲೆ ನಮ್ಮನೆ ಹೊಸ್ಲು ತುಳೀಲಿಲ್ಲ. ಈಗ ಮೈಸೂರ್ ಪಾಕ್ ತಗೊಂಡ್ ಬಂದು, ನಿಂಗೂ ಪಾಲಿದೆ ಕಣೇ, ಕೋರ್ಟಲ್ಲಿ ಬಂದು ಹೇಳು ಅಂದ್ರು. ಹೇಳ್ತೀನಿ."

ಇಷ್ಟು ಹೇಳಿ ಹೊರಟುಹೋದಳು. ಅವಳ ಹೊಸ ವಕೀಲರು ಸಲ್ಲಿಸಿದ ಹೇಳಿಕೆ ಎರಡೇ ಪ್ಯಾರಾ. ತಂದೆ ಹೇಳಿದಂತೆ ಎಲ್ಲ ಸ್ವತ್ತಿನಲ್ಲೂ ನನಗೆ ಪಾಲಿದೆ. ಈ ಒಂದು ಮನೆಯನ್ನು ಸಿಸ್ಟರಿಗೆ ಮಾರಲು ನನ್ನ ಪೂರ್ಣ ಒಪ್ಪಿಗೆಯಿದೆ, ಮಿಕ್ಕ ಸ್ವತ್ತುಗಳಲ್ಲಿನ ನನ್ನ ಪಾಲಿನ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಯಜಮಾನ ಕಟಕಟೆ ಹತ್ತುವ ದಿನಕ್ಕೆ ನಾನು ಕಾದಿದ್ದಂತೆ ಯಾವ ಹಬ್ಬಕ್ಕೂ ಕಾದಿರಲಿಲ್ಲ. ಅವನ ಉತ್ತರದ ಆ ಮಡಿಸಿಟ್ಟ ಪುಟ ತೆಗೆದೆ. ಬಾಗಿಲು ಕಿತ್ತದ್ದನ್ನೋ, ಪೆರೇಸಂದ್ರದ ಮಾತನ್ನೋ ಕೇಳುತ್ತೇನೆಂದು ಅವನು ಸಿದ್ಧನಾಗಿ ಬಂದಿದ್ದ. ನಾನು ಬಹಳ ಮರ್ಯಾದೆಯಿಂದ ಶುರುಮಾಡಿದೆ.

"ಯಜಮಾನ್ರೇ, ಈ ಮನೆ ನಿಮ್ಮ ಸ್ವಂತದ್ದೋ, ಕುಟುಂಬದ್ದೋ?"

"ಕುಟುಂಬದ್ದು."

"ಮಗಳಿಗೂ ಪಾಲಿದೆ?"

"ಇದೆ."

"ನೀವು ವಾಸ ಇರೋ ಎದುರಿನ ಮನೆ?"

ಅವನು ತನ್ನ ವಕೀಲರ ಕಡೆ ನೋಡಿದ. ಅವರು ಎದ್ದು, ಈ ಪ್ರಶ್ನೆ ದಾವಾಕ್ಕೆ ಸಂಬಂಧಿಸಿದ್ದಲ್ಲ ಎಂದರು. ಸ್ವತ್ತುಗಳೆಲ್ಲ ಕುಟುಂಬದ್ದೆಂದು ಅವರೇ ಬರೆದಿದ್ದಾರೆ, ಅದನ್ನೇ ಪರೀಕ್ಷಿಸುತ್ತಿದ್ದೇನೆ ಎಂದೆ. ಕೇಳಲಿ ಎಂದರು ನ್ಯಾಯಾಧೀಶರು.

"ಎದುರಿನ ಮನೆ, ಯಜಮಾನ್ರೇ. ಅದು ನಿಮ್ಮೊಬ್ಬರದೇ ಅನ್ನೋದಾದ್ರೆ ಹೇಳಿ. ಹಾಗಾದ್ರೆ ಇದೂ ನಿಮ್ಮೊಬ್ಬರದೇ ಅಂತ ಬರ್ಕೋತೀವಿ, ಕ್ರಯಪತ್ರಕ್ಕೆ ಸೈನ್ ಹಾಕೋಕೆ ನಿಮಗೆ ಬೇರೆ ಯಾರ ಒಪ್ಪಿಗೇನೂ ಬೇಕಾಗಲ್ಲ."

ಅವನ ಕಣ್ಣು ಒಮ್ಮೆ ಸಿಸ್ಟರ್ ಕಡೆ ಹೋಯಿತು. ಬಾಯಿ ಬಿಗಿಯಿತು. ಅವನು ಏನನ್ನು ಆರಿಸಿಕೊಳ್ಳುತ್ತಾನೆಂದು ನನಗೆ ಆಗಲೇ ತಿಳಿಯಿತು.

"ಅದೂ ಕುಟುಂಬದ್ದೇ."

"ಮಂಡಿ?"

"ಕುಟುಂಬದ್ದು."

"ಗೋಡೌನು?"

"ಅದೂನು."

"ಶಿಡ್ಲಘಟ್ಟ ರಸ್ತೆಯ ಜಮೀನು? ಅದರಲ್ಲೂ ನಿಮ್ಮ ಮಗಳಿಗೆ ಮಗನಷ್ಟೇ ಪಾಲಿದೆ ಅಂತ ಪ್ರಮಾಣ ಮಾಡಿ ಹೇಳ್ತೀರಾ?"

"ಹೇಳ್ತೀನಿ."

ಒಂದೊಂದು ಉತ್ತರವನ್ನೂ ನ್ಯಾಯಾಧೀಶರು ಹೇಳಿ ಬರೆಸಿದರು, ಟೈಪು ಮಾಡುವವರ ಬೆರಳು ನಿಲ್ಲುವವರೆಗೆ ಕಾದು ನಾನು ಮುಂದಿನದನ್ನು ಕೇಳಿದೆ. ಅವಸರ ಮಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಅವನ ಮಗಳು ಸೆರಗು ಹೊದ್ದು ಕೂತಿದ್ದಳು. ಮೂರನೆಯ ಉತ್ತರದ ಹೊತ್ತಿಗೇ ಹಿರಿಯ ವಕೀಲರಿಗೆ ಇದು ಎಲ್ಲಿಗೆ ಹೋಗುತ್ತಿದೆಯೆಂದು ಅರ್ಥವಾಗಿತ್ತು. ಅವರು ಕಣ್ಸನ್ನೆ ಮಾಡಿದರು, ಕೆಮ್ಮಿದರು. ಯಜಮಾನ ನೋಡಲಿಲ್ಲ. ಸಿಸ್ಟರಿಗೆ ಮನೆ ಕೊಡಬಾರದೆಂಬ ಛಲದಲ್ಲಿ ತನ್ನ ಆಸ್ತಿಯ ಬಾಗಿಲುಗಳನ್ನೆಲ್ಲ ತಾನೇ ಒಂದೊಂದಾಗಿ ತೆರೆದುಕೊಟ್ಟ. "ನನ್ನ ಪ್ರಶ್ನೆಗಳು ಮುಗಿದವು" ಎಂದು ಕೂತಾಗ ನನಗೆ ಆದಷ್ಟು ಖುಷಿ ಮುಂದೆ ತೀರ್ಪು ಬಂದಾಗಲೂ ಆಗಲಿಲ್ಲ.

ತೀರ್ಪು ನಮ್ಮ ಕಡೆ ಆಯಿತು. ಕರಾರು ನಿಜ, ಕೊಳ್ಳುವವರು ಸದಾ ಸಿದ್ಧರಿದ್ದರು, ಮಗಳ ಒಪ್ಪಿಗೆಯೂ ಇದೆ. ಬೆಲೆ ಏರಿದ್ದು ಮಾರುವವರು ತಪ್ಪಿಸಿಕೊಂಡ ಕಾಲದಲ್ಲಿ, ಅದರ ಲಾಭ ಅವರಿಗೆ ಸಲ್ಲದು ಎಂದು ಬರೆದಿದ್ದರು. ಬಾಕಿ ಹಣವನ್ನು ನಾವು ಕೋರ್ಟಿನಲ್ಲಿ ಕಟ್ಟಿದೆವು. ಅವನು ಕ್ರಯಪತ್ರ ಮಾಡಿಕೊಡದಿದ್ದರೆ ಕೋರ್ಟೇ ಅವನ ಪರವಾಗಿ ಸಹಿ ಹಾಕಿಕೊಡುತ್ತದೆ. ಅವನು ಮೇಲಿನ ಕೋರ್ಟಿಗೆ ಅಪೀಲು ಹಾಕಿದ.

ಅಪೀಲು ಕೂಗುವ ಮೊದಲೇ ಗೌರಿಬಿದನೂರಿನ ಮಗಳು ಪಾಲಿನ ದಾವಾ ಹಾಕಿದಳು. ಮಂಡಿ, ಗೋಡೌನು, ವಾಸದ ಮನೆ, ಜಮೀನು ಎಲ್ಲದರಲ್ಲೂ ಸಮಪಾಲು. ಅವಳು ಹೆಚ್ಚೇನೂ ಸಾಬೀತು ಮಾಡಬೇಕಿರಲಿಲ್ಲ. ಅಪ್ಪನ ಸಾಕ್ಷ್ಯದ ದೃಢೀಕೃತ ನಕಲನ್ನು ಕೋರ್ಟಿನಿಂದ ಪಡೆದು ಲಗತ್ತಿಸಿದ್ದಳು.

ಒಂದು ಮಧ್ಯಾಹ್ನ ಯಜಮಾನ ನನ್ನ ಮಹಡಿಯ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಏದುಸಿರು ಬಿಡುತ್ತಿದ್ದ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ನನ್ ಮಗಳನ್ನ ಎತ್ತಿಕಟ್ಟಿದ್ದು ನೀನೇ ಕಣಮ್ಮ."

"ಅವ್ರಿಗೆ ಪಾಲಿದೆ ಅಂತ ಹೇಳ್ಕೊಟ್ಟಿದ್ದು ನೀವು, ಯಜಮಾನ್ರೇ. ಬರ್ಕೊಂಡಿದ್ದು ಕೋರ್ಟು."

ಅವನು ವಿಷಯಕ್ಕೆ ಬಂದ. ಮಗಳ ಜೊತೆ ರಾಜಿಗೆ ನೆಂಟರ ಹಿರಿಯರು ಮಾತಾಡಿದ್ದಾರೆ, ಅವಳಿಗೆ ಕೊಡಲು ಕೈಯಲ್ಲಿ ಹಣ ಬೇಕು, ಕೋರ್ಟಿನಲ್ಲಿರುವ ಬಾಕಿ ಹಣ ತೆಗೆದುಕೊಳ್ಳಬೇಕು ಎಂದ. ಅಪೀಲು ಇರುವಷ್ಟು ದಿನ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ತೀರ್ಪನ್ನು ಒಪ್ಪಿದಂತೆ. ಅಪೀಲು ವಾಪಸ್ ತೆಗೆಯುತ್ತೇನೆ, ಕ್ರಯಪತ್ರ ಕೋರ್ಟಿನವರೇ ಬರೆದುಕೊಡಲಿ, ಇಲ್ಲವೇ ರಿಜಿಸ್ಟ್ರಾರನ್ನು ಮನೆಗೇ ಕರೆಸೋಣ, ನನಗೆ ಮಂಡಿನೋವು ಎಂದ.

"ಆಗಲ್ಲ" ಎಂದೆ. "ಬಾಕಿ ಹಣಕ್ಕೆ ನೀವು ಅರ್ಜಿ ಹಾಕಿದ ದಿನ ನಾನು ತಕರಾರು ಮಾಡಬಾರ್ದು ಅಂದ್ರೆ ನೀವೇ ಬರ್ಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿಗೆ. ನಮ್ಮ ಸಿಸ್ಟರ್ ಪಕ್ಕದಲ್ಲಿ ಕೂರ್ಬೇಕು. ಈ ಮಹಡಿ ಹತ್ತಿದ ಮಂಡಿ ಅಲ್ಲಿಗೂ ಬರುತ್ತೆ."

ಕಾನೂನಿನ ಪ್ರಕಾರ ನನ್ನ ತಕರಾರಿಗೆ ದೊಡ್ಡ ಬಲವೇನೂ ಇರಲಿಲ್ಲ. ತಡಮಾಡುವ ಬಲ ಇತ್ತು. ತಡದಿಂದ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು.

ಅವನು ಬಂದ. ಮಗ, ಮಗಳು ಇಬ್ಬರೂ ಒಪ್ಪಿಗೆ ಸಹಿ ಹಾಕಲು ಬಂದಿದ್ದರು. ಆ ಹೊತ್ತಿಗೆ ನೋಂದಣಿ ಕಚೇರಿಗಳಲ್ಲಿ ಶಾಯಿಯ ಹೆಬ್ಬೆಟ್ಟಿನ ಜೊತೆಗೆ ಕಂಪ್ಯೂಟರಿನ ಹೆಬ್ಬೆಟ್ಟೂ ಬಂದಿತ್ತು. ಮೇಜಿನ ಮೇಲೊಂದು ಪುಟ್ಟ ಗಾಜಿನ ಪೆಟ್ಟಿಗೆ, ಎಲ್ಲರೂ ಅದರ ಮೇಲೆಯೇ ಒತ್ತಬೇಕು. ಯಜಮಾನ ತಡವಾಗಿ ಬಂದದ್ದರಿಂದ ಸಿಸ್ಟರದ್ದು ಮೊದಲಾಗಿತ್ತು. ಅವನು ಕೂತು, ಹೆಗಲ ಮೇಲಿನ ಟವೆಲಿನ ಅಂಚಿನಿಂದ ಗಾಜನ್ನು ಒರೆಸಿ ಹೆಬ್ಬೆರಳಿಟ್ಟ. ಬರಲಿಲ್ಲ.

"ಒರೆಸ್ಬೇಡಿ ಯಜಮಾನ್ರೇ, ಟವೆಲಿನ ದೂಳು ಕೂತ್ಕೊಳ್ಳುತ್ತೆ" ಎಂದಳು ಕಂಪ್ಯೂಟರಿನ ಹುಡುಗಿ. "ಇನ್ನೊಂದ್ಸಲ ಒತ್ತಿ. ಗಟ್ಟಿಯಾಗಿ."

ಅವನು ಒತ್ತಿದ. ಆಗಲೂ ಬರಲಿಲ್ಲ. ಮೂಟೆ, ಹಗ್ಗ, ಕಡಲೆಕಾಯಿ ಸಿಪ್ಪೆಗಳಲ್ಲಿ ಸವೆದ ಬೆರಳು. ಹುಡುಗಿ ಮತ್ತೆ ಮತ್ತೆ ಒತ್ತಿಸಿದಳು. ಕೊನೆಗೆ ಸಿಸ್ಟರ್ ಅಭ್ಯಾಸಬಲದಿಂದ ಎಂಬಂತೆ ಕೈಚಾಚಿ, ಅವನ ಹೆಬ್ಬೆರಳನ್ನು ಹಿಡಿದು, ರಕ್ತ ತೆಗೆಯುವಾಗ ಹಿಡಿಯುವಂತೆ ನೇರಮಾಡಿ ಗಾಜಿನ ಮೇಲೆ ಒತ್ತಿ ಹಿಡಿದರು. ಪರದೆಯ ಮೇಲೆ ಗೆರೆಗಳು ಮೂಡಿದವು. ಅವನು ಕೈ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಂಡರೆ ಮತ್ತೆ ಮೊದಲಿನಿಂದ ಮಾಡಬೇಕಿತ್ತು. ಕಣ್ಣು ಮುಚ್ಚಿಕೊಂಡಿದ್ದ.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗಾಗಲಿಲ್ಲ. ಅಂದು ಸಂಜೆ ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡಿದೆ.

ಸಿಸ್ಟರ್ ಹೊಸ ಬಾಗಿಲುಗಳನ್ನು ಮಾಡಿಸಿದರು. ಗೋಡೌನಿನಲ್ಲಿದ್ದ ಹಳೆಯವನ್ನು ಕೊಡುತ್ತೇನೆಂದು ಯಜಮಾನನ ಮಗ ಹೇಳಿಕಳಿಸಿದ್ದ. ಬೇಡವೆಂದರು. ಗೃಹಪ್ರವೇಶಕ್ಕೆ ಬೌದ್ಧ ಭಿಕ್ಷು ಭಂತೇಜಿಯವರನ್ನು ಕರೆಸಿ ತ್ರಿಸರಣ ಹೇಳಿಸಿದರು. ಬೀದಿಯ ಎಲ್ಲ ಮನೆಗೂ ಊಟಕ್ಕೆ ಕರೆದಿದ್ದರು, ಎದುರು ಮನೆಗೆ ತಾವೇ ಹೋಗಿ ಕರೆದು ಬಂದಿದ್ದರು. ಬೀದಿಯಿಂದ ಬಂದವರು ಕೆಲವರೇ. ಎದುರು ಮನೆಯ ಬಾಗಿಲು ಮುಚ್ಚಿತ್ತು.

ಮಗಳು ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಗೌರಿಬಿದನೂರಿನಿಂದ ಬಂದಳು. ಒಳಗೆ ಎಲೆ ಹಾಕಿದ್ದೇವೆಂದು ಕರೆದೆವು. "ಇಲ್ಲೇ ಹಾಕಿ" ಎಂದು ಅವಳು ಜಗಲಿಯ ಮೇಲೆಯೇ ಚಾಪೆ ಎಳೆದುಕೊಂಡು, ಅಪ್ಪನ ಬಾಗಿಲಿಗೆ ಮುಖ ಮಾಡಿ ಕೂತಳು. ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಸಿಸ್ಟರ್ ತಾವೇ ಬಡಿಸಿದರು. ಅವಳು ಅವಸರವಿಲ್ಲದೆ ತಿಂದಳು. ಎದುರಿನ ಕಿಟಕಿಯ ಒಂದು ರೆಕ್ಕೆ ಬೆರಳಷ್ಟು ತೆರೆದುಕೊಂಡಾಗ, ತಲೆಯೆತ್ತಿ ಅದನ್ನೇ ನೋಡುತ್ತಾ, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಸಿಸ್ಟರ್, ಇನ್ನೊಂದ್ ಸೌಟು ಸಾರು ಹಾಕಿ."